ಬೇಡದ ಕಟ್ಟಿನಲ್ಲಿದ್ದ 63ನೇ ಅರ್ಜಿ

ಖಾಲಿ ಇದ್ದದ್ದು ಒಂದೇ ಹುದ್ದೆ. ಖರೀದಿ ಬಿಲ್ ಪರಿಶೀಲಿಸುವ ಗುಮಾಸ್ತರ ಕೆಲಸ. ಬಂದ ಅರ್ಜಿಗಳು 112. ಆ ಒಂದು ಹುದ್ದೆಗೆ ನಾವು ಎರಡು ಸಲ ಆಯ್ಕೆ ಮಾಡಬೇಕಾಯಿತು, ಅದೂ ಅದೇ 112 ಅರ್ಜಿಗಳಿಂದ. ಮೊದಲ ಸಲ ಆರಿಸಿದವರು ಹನ್ನೊಂದನೇ ವಾರಕ್ಕೆ ಬಿಟ್ಟು ಹೋದರು. ಎರಡನೇ ಸಲ ಆರಿಸಿದವರು ಇವತ್ತಿಗೂ ಇದ್ದಾರೆ. ಅವರ ಅರ್ಜಿಯನ್ನು ಮೊದಲ ಸಲ "ಬೇಡ" ಅಂತ ಪಕ್ಕಕ್ಕೆ ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ಒಂದೇ ಅರ್ಜಿ, ಓದಿದವನೂ ಒಬ್ಬನೇ. ಹಾಗಾದರೆ ಮಧ್ಯೆ ಬದಲಾದದ್ದು ಏನು? ಅದನ್ನೇ ಇಲ್ಲಿ ಬರೆದಿದ್ದೇನೆ.

ಸಂಸ್ಥೆಯ ಹೆಸರು ಬೇಡ. ಅಭ್ಯರ್ಥಿಗಳನ್ನು ಅರ್ಜಿ ಬಂದ ಕ್ರಮದ ನಂಬರಿನಿಂದಲೇ ಕರೆಯುತ್ತೇನೆ. ಆಯ್ಕೆಗೆ ಕೂತವರು ಮೂವರು: ಆ ವಿಭಾಗ ನೋಡಿಕೊಳ್ಳುವ ನಾನು, ಎಚ್‌ಆರ್ ಮೇಡಂ, ನಮ್ಮ ಮುಖ್ಯಸ್ಥರು.

ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮೊದಲ ಸಲ ನಾವು ಮರೆತದ್ದೇ ಅದನ್ನ. ನಾವು ಕೊಟ್ಟ ಆರ್ಡರಿನ ಪ್ರತಿ, ಮಾಲು ಬಂದಾಗ ಉಗ್ರಾಣದವರು ಬರೆಯುವ ರಸೀದಿ, ಪೂರೈಕೆದಾರರು ಕಳಿಸುವ ಬಿಲ್. ಈ ಮೂರನ್ನೂ ಪಕ್ಕ ಪಕ್ಕ ಇಟ್ಟು ಹೊಂದಿಸಬೇಕು. ಹೊಂದಿದರೆ ಬಿಲ್ ಪಾಸ್. ಹೊಂದದಿದ್ದರೆ ಎಲ್ಲಿ ತಪ್ಪಿದೆ ಅಂತ ಹುಡುಕಬೇಕು. ಬಂದದ್ದು 90 ಇದ್ದು ಬಿಲ್ 100ಕ್ಕೆ ಆಗಿರಬಹುದು. ಹೋದ ತಿಂಗಳೇ ಹಣ ಕೊಟ್ಟ ಬಿಲ್ ಮತ್ತೊಮ್ಮೆ ಬಂದಿರಬಹುದು. ಆರ್ಡರ್ ಬಾಕ್ಸ್ ಲೆಕ್ಕದಲ್ಲಿ, ಬಿಲ್ ಬಿಡಿ ಲೆಕ್ಕದಲ್ಲಿ ಇರಬಹುದು. ದಿನವಿಡೀ ಇದೇ. ಮಾರನೇ ದಿನವೂ ಇದೇ.

ಮೊದಲ ಓದು

112 ಅರ್ಜಿಗಳನ್ನು ನಾನು ಒಂದೇ ಮಧ್ಯಾಹ್ನ ಮುಗಿಸಿದೆ. ಒಂದೂವರೆ ಗಂಟೆ ಹಿಡಿದಿರಬಹುದು. ಲೆಕ್ಕ ಹಾಕಿದರೆ ಒಂದೊಂದಕ್ಕೆ 48 ಸೆಕೆಂಡ್. ಕಡಿಮೆ ಅನ್ನಿಸುತ್ತೆ ಅಲ್ವಾ? ಅಮೆರಿಕದ ಲ್ಯಾಡರ್ಸ್ ಅನ್ನೋ ಉದ್ಯೋಗ ತಾಣದವರು 2018ರಲ್ಲಿ ನೇಮಕಾತಿ ಮಾಡುವವರ ಕಣ್ಣು ಅರ್ಜಿಯ ಮೇಲೆ ಹೇಗೆ ಓಡುತ್ತೆ ಅಂತ ಅಳೆದಿದ್ದರು. ಮೊದಲ ನೋಟಕ್ಕೆ ಸಿಕ್ಕ ಸರಾಸರಿ ಸಮಯ 7.4 ಸೆಕೆಂಡ್. ಅದಕ್ಕೆ ಹೋಲಿಸಿದರೆ ನಾನು ಬಹಳ ತಾಳ್ಮೆಯವನು. ಆದರೆ ನನ್ನ 48 ಸೆಕೆಂಡಿನಲ್ಲೂ ತೀರ್ಮಾನ ಆಗುತ್ತಿದ್ದದ್ದು ಮೊದಲ ಹತ್ತರಲ್ಲೇ. ಉಳಿದದ್ದು ಆ ತೀರ್ಮಾನಕ್ಕೆ ಕಾರಣ ಹುಡುಕಲು ಖರ್ಚಾಗುತ್ತಿತ್ತು.

ಮೇಜಿನ ಮೇಲೆ ಮೂರು ಕಟ್ಟು. "ಬೇಕು", "ನೋಡೋಣ", "ಬೇಡ". ಪ್ರತಿ ಅರ್ಜಿಯ ಬಲಗಡೆ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದೆರಡು ಪದ ಗೀಚುತ್ತಾ ಹೋದೆ. ಕೊನೆಗೆ "ಬೇಕು" 9, "ನೋಡೋಣ" 14, "ಬೇಡ" 89. ಹತ್ತಿಪ್ಪತ್ತು ಅರ್ಜಿ ದಾಟಿದ ಮೇಲೆ ಕೈಗೆ ಒಂದು ಲಯ ಬಂದುಬಿಡುತ್ತೆ. ಯಾವುದಾದರೂ ಒಂದು ಕೊಂಕು ಸಿಕ್ಕರೆ ಸಾಕು, ಹಾಳೆ ಬಲಗಡೆ ಕಟ್ಟಿಗೆ ಹಾರುತ್ತೆ. ಕೊಂಕು ಸಿಕ್ಕಾಗ ಒಂಥರಾ ಸಮಾಧಾನ ಆಗುತ್ತಿತ್ತು ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಒಂದು ಕಡಿಮೆ ಆಯ್ತಲ್ಲ!

"ಬೇಕು" ಕಟ್ಟಿನಲ್ಲಿದ್ದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸಂದರ್ಶನಕ್ಕೆ ಬಂದರು. ಸಂದರ್ಶನ ಅಂದರೆ ಮಾತುಕತೆ. "ನಿಮ್ಮ ಬಗ್ಗೆ ಹೇಳಿ" ಅಂತ ಶುರು, ಆಮೇಲೆ ಬಾಯಿಗೆ ಬಂದ ಪ್ರಶ್ನೆ. ಒಬ್ಬರನ್ನು ಕೇಳಿದ್ದು ಇನ್ನೊಬ್ಬರನ್ನು ಕೇಳಲಿಲ್ಲ. 8ನೇ ಅರ್ಜಿಯವರು ದೊಡ್ಡ ಹೆಸರಿನ ಕಂಪನಿಯಿಂದ ಬಂದವರು. ಅಚ್ಚುಕಟ್ಟಾದ ಅರ್ಜಿ, ಅಚ್ಚುಕಟ್ಟಾದ ಮಾತು. ಹಳೇ ಕಂಪನಿಯಲ್ಲಿ ಹೊಸ ಸಾಫ್ಟ್‌ವೇರ್ ತಂದಾಗ ಆರು ಜನರ ತಂಡ ನಡೆಸಿದ ಕತೆ ಹೇಳಿದರು. ಇಪ್ಪತ್ತು ನಿಮಿಷ ಅದರ ಮೇಲೇ ಹೋಯಿತು. ಚೆನ್ನಾಗಿತ್ತು. ಬಿಲ್ ಹೊಂದಿಸೋ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವರು ಬಾಗಿಲು ಮುಚ್ಚಿಕೊಂಡು ಹೋದ ತಕ್ಷಣ ಮುಖ್ಯಸ್ಥರು, "ಇವರೇ ಸರಿ ಅನ್ಸುತ್ತೆ, ಅಲ್ವಾ?" ಅಂದರು. ನಾನು ತಲೆ ಆಡಿಸಿದೆ. ಹೊರಗೆ ಕುರ್ಚಿಯಲ್ಲಿ ಇನ್ನೂ ಇಬ್ಬರು ಕಾಯುತ್ತಾ ಕೂತಿದ್ದರು. ಅವರನ್ನೂ ಕರೆದೆವು, ಮಾತಾಡಿಸಿದೆವು, ಕಳಿಸಿದೆವು. ಆ ಇಬ್ಬರ ಮಟ್ಟಿಗೆ ಅದು ಸುಮ್ನೆ ನಾಟಕ.

ಹನ್ನೊಂದು ವಾರ

8ನೇ ಅರ್ಜಿಯವರನ್ನು ಬೈಯುವ ಆಸೆ ನನಗಿಲ್ಲ. ಬುದ್ಧಿವಂತರು. ಬಂದ ಎರಡನೇ ವಾರಕ್ಕೇ ನಮ್ಮ ರಿಪೋರ್ಟ್ ಒಂದನ್ನು ಸರಿ ಮಾಡಿಕೊಟ್ಟರು. ಆದರೆ ದಿನಾ ಕೂತು ಮೂರು ಕಾಗದ ಹೊಂದಿಸುವುದು ಅವರಿಗೆ ಆಗಿಬರಲಿಲ್ಲ. ಹಳೇ ಕಡೆ ಅದನ್ನು ಮಾಡುತ್ತಿದ್ದದ್ದು ಅವರ ಕೈಕೆಳಗಿನವರು. ಏಳನೇ ವಾರ ಒಂದೇ ಬಿಲ್‌ಗೆ ಎರಡು ಸಲ ಹಣ ಹೋಯಿತು. ಮೇಲ್‌ನಲ್ಲಿ ಬಂದ ಬಿಲ್ ನಂಬರಿನಲ್ಲಿ ಅಡ್ಡಗೀಟು ಇತ್ತು, ಅಂಚೆಯಲ್ಲಿ ಬಂದದ್ದರಲ್ಲಿ ಓರೆಗೀಟು. ಕಂಪ್ಯೂಟರ್ ಎರಡೂ ಬೇರೆ ಬೇರೆ ಅಂದುಕೊಂಡಿತು. ಅದನ್ನು ಹಿಡಿಯಬೇಕಾದದ್ದು ಕಣ್ಣು. ಕಣ್ಣು ಬೇರೆಲ್ಲೋ ಇತ್ತು.

ಹಣ ವಾಪಸ್ ಬಂತು. ಆದರೆ ಅವರಿಗೂ ಬೇಸರ, ನಮಗೂ ಬೇಸರ. ಹೋಗುವಾಗ ಅವರು ಒಂದು ಮಾತು ಹೇಳಿದರು: "ಕೆಲಸ ಹೀಗಿರುತ್ತೆ ಅಂತ ನೀವು ಮೊದಲೇ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ ಸರ್." ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಹೇಳಿರಲಿಲ್ಲ.

ಪೆನ್ಸಿಲ್ ಗುರುತುಗಳು

ಮತ್ತೆ ಜಾಹೀರಾತು ಕೊಡೋಣ ಅಂತ ನಾನು. ಎಚ್‌ಆರ್ ಮೇಡಂ ಬೇಡ ಅಂದರು. "ಆ 112 ಇನ್ನೂ ನನ್ನ ಕಪಾಟಲ್ಲೇ ಇದಾವೆ ಸರ್. ಮತ್ತೊಂದು ಸಲ ಓದಿ ನೋಡೋಣ. ಆದ್ರೆ ಮೊದಲು ನೀವು ಮೂಲೆಯಲ್ಲಿ ಬರೆದಿರೋದನ್ನ ನಾನು ಒಂದ್ಕಡೆ ಪಟ್ಟಿ ಮಾಡ್ತೀನಿ."

ಮಾರನೇ ದಿನ ಪಟ್ಟಿ ನನ್ನ ಮೇಜಿನ ಮೇಲಿತ್ತು. "ಬೇಡ" ಅಂದ 89ರಲ್ಲಿ 21ಕ್ಕೆ "ಗ್ಯಾಪ್" ಅಂತ ಬರೆದಿದ್ದೆ, ಅಂದರೆ ಮಧ್ಯೆ ಕೆಲಸವಿಲ್ಲದೆ ಕಳೆದ ಕಾಲ. 19ಕ್ಕೆ "ಬೇರೆ ಲೈನ್". 17ಕ್ಕೆ "ಕೆಲಸ ಬದಲಿಸ್ತಾ ಇರ್ತಾರೆ". 15ಕ್ಕೆ ಅಕ್ಷರದ ತಪ್ಪು, ಅಡ್ಡಾದಿಡ್ಡಿ ಜೋಡಣೆ. 9ಕ್ಕೆ "ಈ ಕೆಲಸಕ್ಕೆ ಜಾಸ್ತಿ ಆಯ್ತು". ಉಳಿದ 8ಕ್ಕೆ ಬರೀ ಒಂದು ಗೀಟು, ಕಾರಣವೇ ಇಲ್ಲ. ಮೇಡಂ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದ್ದರು: "ಬಿಲ್ ಹೊಂದಿಸಲು ಬರುತ್ತೋ ಇಲ್ಲವೋ ಎಂಬುದಕ್ಕೆ ಸಂಬಂಧಿಸಿದ ಟಿಪ್ಪಣಿ ಎಷ್ಟು?"

ಕೂತು ಎಣಿಸಿದೆ. ಅಕ್ಷರದ ತಪ್ಪಿನ 15ನ್ನು ಹೇಗೋ ಸಮರ್ಥಿಸಿಕೊಳ್ಳಬಹುದಿತ್ತು. ಕಣ್ಣು ಚುರುಕಿರಬೇಕಾದ ಕೆಲಸ, ತನ್ನ ಅರ್ಜಿಯಲ್ಲೇ ತಪ್ಪು ಬಿಟ್ಟವರು ಬಿಲ್‌ನಲ್ಲಿ ಹಿಡಿಯುತ್ತಾರಾ? ಆದರೆ ಅದೂ ಪೂರ್ತಿ ನಿಲ್ಲಲಿಲ್ಲ. ಎಷ್ಟೋ ಜನ ಅರ್ಜಿಯನ್ನು ಬೇರೆಯವರ ಕೈಲಿ ಬರೆಸುತ್ತಾರೆ, ಆಗ ತಪ್ಪೂ ಅವರದ್ದಲ್ಲ, ಅಂದವೂ ಅವರದ್ದಲ್ಲ. ಒಬ್ಬರ ಅರ್ಜಿಯಲ್ಲಿ "ಎಕ್ಸೆಲ್ 90%" ಅಂತ ನೀಲಿ ಪಟ್ಟಿ ಎಳೆದಿತ್ತು. ಯಾವುದರಲ್ಲಿ ತೊಂಬತ್ತು? ಅದನ್ನು ನಾನು "ಬೇಕು" ಕಟ್ಟಿಗೆ ಹಾಕಿದ್ದೆ.

ಗ್ಯಾಪ್ ವಿಷಯ ಇನ್ನೂ ಮುಜುಗರದ್ದು. "ಬೇಕು" ಕಟ್ಟಿನ ಒಂಬತ್ತರಲ್ಲೂ ಇಬ್ಬರಿಗೆ ಒಂದು ವರ್ಷಕ್ಕೂ ಹೆಚ್ಚಿನ ಗ್ಯಾಪ್ ಇತ್ತು. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಯಾಕಂದರೆ ಅದರ ಮೇಲಿನ ಸಾಲಿನಲ್ಲಿ ದೊಡ್ಡ ಕಂಪನಿಯ ಹೆಸರಿತ್ತು. ಒಂದು ಒಳ್ಳೇದು ಕಂಡರೆ ಉಳಿದದ್ದೆಲ್ಲ ಒಳ್ಳೇದಾಗಿಯೇ ಕಾಣುವ ಈ ಚಾಳಿಗೆ 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಹೆಸರಿಟ್ಟಿದ್ದ: ಹೇಲೋ, ಅಂದರೆ ಪ್ರಭಾವಳಿ. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕ ನೋಡಿದಾಗ, ಮೈಕಟ್ಟಿಗೆ ಜಾಸ್ತಿ ಅಂಕ ಪಡೆದವರಿಗೆ ಬುದ್ಧಿಗೂ ನಡತೆಗೂ ಜಾಸ್ತಿ ಅಂಕ ಬಿದ್ದಿರುವುದು ಅವನಿಗೆ ಕಂಡಿತ್ತು. ನೂರು ವರ್ಷದ ಹಳೇ ವಿಷಯ. ನನಗೂ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗ ಆಗಿರಲಿಲ್ಲ.

ಗ್ಯಾಪ್ ಕಂಡರೆ ಹಾಳೆ ಎಸೆಯುವವನು ನಾನೊಬ್ಬನೇ ಅಲ್ಲ. 2013ರಲ್ಲಿ ಕ್ರಾಫ್ಟ್, ಲಾಂಗೆ, ನೊಟೊವಿಡಿಗ್ಡೊ ಎಂಬ ಮೂವರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ 100 ನಗರಗಳಲ್ಲಿ ಸುಮಾರು 3,000 ಹುದ್ದೆಗಳಿಗೆ 12,000ದಷ್ಟು ಕಾಲ್ಪನಿಕ ಅರ್ಜಿ ಕಳಿಸಿದ್ದರು. ಕೆಲಸವಿಲ್ಲದೆ ಕಳೆದ ತಿಂಗಳು ಜಾಸ್ತಿಯಾದಂತೆ ಕರೆ ಬರುವುದು ಕಡಿಮೆಯಾಯಿತು. ಇಳಿತ ಕಡಿದಾಗಿದ್ದದ್ದು ಮೊದಲ ಎಂಟು ತಿಂಗಳಲ್ಲಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಹೊರತಂದ ವರದಿಯಲ್ಲೂ ಇದೇ ಮಾತು: ಸಮೀಕ್ಷೆಗೆ ಸಿಕ್ಕ ಕಂಪನಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಆರು ತಿಂಗಳಿಗಿಂತ ಹೆಚ್ಚಿನ ಗ್ಯಾಪ್ ಇರುವ ಅರ್ಜಿಗಳನ್ನು ಸೋಸಿ ತೆಗೆಯುತ್ತಿದ್ದವು. ಅದೇ ವರದಿಯಲ್ಲಿ 88% ಉದ್ಯೋಗದಾತರು, ಕೆಲಸ ಬಲ್ಲವರೂ ನಮ್ಮ ಜರಡಿಯಲ್ಲಿ ಉದುರಿ ಹೋಗುತ್ತಿದ್ದಾರೆ ಅಂತ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡೂ ಜರಡಿ ಬದಲಿಸಿಲ್ಲ. ನಮ್ಮ ಥರಾನೇ.

ಈ ಹಂತದಲ್ಲಿ ಮುಖ್ಯಸ್ಥರು ಕೇಳಿದರು, "ಇದನ್ನೆಲ್ಲ ಸಾಫ್ಟ್‌ವೇರ್‌ಗೆ ಬಿಟ್ರೆ ಆಗಲ್ವಾ? ಅದಕ್ಕೆ ಮುಲಾಜಿರಲ್ಲ." ಮೇಡಂ ಅಮೆಜಾನ್ ಕತೆ ಹೇಳಿದರು. ಆ ಕಂಪನಿ 2014ರಲ್ಲಿ ಅರ್ಜಿಗಳಿಗೆ ಅಂಕ ಕೊಡುವ ಸಾಫ್ಟ್‌ವೇರ್ ಕಟ್ಟಲು ಶುರು ಮಾಡಿತು. ಹಿಂದಿನ ಹತ್ತು ವರ್ಷ ಬಂದ ಅರ್ಜಿಗಳನ್ನು ನೋಡಿ ಅದು ಕಲಿಯಿತು. ಅವು ಹೆಚ್ಚಾಗಿ ಗಂಡಸರವು. ಹೀಗಾಗಿ ಅರ್ಜಿಯಲ್ಲಿ "ವಿಮೆನ್ಸ್" ಅನ್ನೋ ಪದ ಕಂಡರೆ ಅಂಕ ಕಳೆಯಲು ಶುರು ಮಾಡಿತು. ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟರು. 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ಇದನ್ನು ವರದಿ ಮಾಡಿತ್ತು. "ನಮ್ಮ ಹಳೇ ಆಯ್ಕೆ ನೋಡಿ ಅದು ಕಲಿತ್ರೆ, ಸರ್ ಅವರ ಪೆನ್ಸಿಲ್ ಗೀಟನ್ನೇ ಕಲಿಯುತ್ತೆ" ಅಂದರು. ಸರ್ ಅಂದರೆ ನಾನು.

ಎರಡನೇ ಓದಿಗೆ ಮುಂಚೆ

ಅರ್ಜಿ ಮುಟ್ಟುವ ಮೊದಲು ನಾನು ಒಂದು ಇಡೀ ದಿನ ನಮ್ಮ ಹಿರಿಯ ಗುಮಾಸ್ತರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಹದಿನಾಲ್ಕು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವರು. ನಾನು ಅವರ ಮೇಲಧಿಕಾರಿ, ಆದರೆ ಅವರು ಕೆಲಸ ಮಾಡುವುದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವರು ಬಿಲ್ ತೆಗೆದುಕೊಂಡ ತಕ್ಷಣ ಮೊತ್ತ ನೋಡುತ್ತಿರಲಿಲ್ಲ. ಮೊದಲು ತಾರೀಕು, ಆಮೇಲೆ ಬಿಲ್ ನಂಬರ್, ಆಮೇಲೆ ಅಳತೆ, ಕೊನೆಗೆ ಮೊತ್ತ. ಯಾಕೆ ಅಂತ ಕೇಳಿದೆ. "ಮೊತ್ತ ಮೊದಲು ಸರಿ ಕಂಡ್ರೆ ಉಳಿದದ್ದು ನೋಡೋಕೆ ಮನಸ್ಸು ಬರಲ್ಲ ಸರ್" ಅಂದರು. ಥಾರ್ನ್‌ಡೈಕ್ ಹೇಳಿದ್ದನ್ನೇ ಅವರು ಬಿಲ್ ಲೆಕ್ಕದಲ್ಲಿ ಹೇಳಿದ್ದರು. ನಾನು ಅರ್ಜಿಗಳ "ಮೊತ್ತ"ವನ್ನೇ ಮೊದಲು ನೋಡಿದ್ದೆ.

ಆ ದಿನದ ಕೊನೆಗೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ಎರಡು ದಾಖಲೆ ಹೊಂದಿಸಿ ನೋಡಿದ ಅಭ್ಯಾಸ. ವ್ಯತ್ಯಾಸ ಕಂಡಾಗ ಕಾರಣದವರೆಗೂ ಹೋಗುವ ಗುಣ. ಜಗಳ ಆಡದೆ ಬೇರೆಯವರ ಹತ್ತಿರ ವಿವರ ಕೇಳುವುದು. ಬಾಕಿ ಉಳಿದದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಬರೆದಿಡುವುದು. ಒಂದೊಂದಕ್ಕೆ 0, 1 ಅಥವಾ 2 ಅಂಕ. ಒಟ್ಟು 8. ಪದವಿ, ಕಂಪನಿಯ ಹೆಸರು, ವರ್ಷಗಳ ಅನುಭವ ಯಾವುದಕ್ಕೂ ಅಂಕವಿಲ್ಲ.

ಮೇಡಂ ಅರ್ಜಿಗಳನ್ನು ತಂದಾಗ ಪ್ರತಿಯೊಂದರ ಮೇಲ್ಭಾಗ ಹಿಂದಕ್ಕೆ ಮಡಚಿ ಸ್ಟೇಪ್ಲರ್ ಹೊಡೆದಿದ್ದರು. ಹೆಸರು, ಫೋಟೋ, ವಯಸ್ಸು, ವಿಳಾಸ ಎಲ್ಲ ಮಡಿಕೆಯ ಒಳಗೆ. ಕಾಲೇಜಿನ ಹೆಸರು ಇದ್ದ ಕಡೆ ಬಿಳಿ ಕಾಗದದ ಚೂರು. ನನ್ನ ಪೆನ್ಸಿಲ್ ಬರಹವನ್ನು ರಬ್ಬರಿನಲ್ಲಿ ಉಜ್ಜಿದ್ದರು, ಪಟ್ಟಿಯಲ್ಲಂತೂ ಉಳಿದಿತ್ತಲ್ಲ. ಇಷ್ಟೆಲ್ಲ ಬೇಕಾ ಅಂತ ನನಗೆ ಅನ್ನಿಸಿದ್ದು ನಿಜ. ಹೆಸರು ನೋಡಿ ನಾನು ಯಾರನ್ನೂ ಬಿಡುವವನಲ್ಲ ಅಂತ ನನ್ನ ನಂಬಿಕೆ. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್, ಚಿಕಾಗೋದ ಉದ್ಯೋಗದಾತರೂ ತಮ್ಮ ಬಗ್ಗೆ ಹಾಗೇ ನಂಬಿದ್ದಿರಬೇಕು. ಅವರಿಗೆ ಸುಮಾರು 5,000 ಕಾಲ್ಪನಿಕ ಅರ್ಜಿ ಹೋಗಿದ್ದವು. ಅರ್ಹತೆ ಒಂದೇ ಥರ ಇದ್ದರೂ ಬಿಳಿಯರದ್ದು ಅನ್ನಿಸುವ ಹೆಸರಿಗೆ, ಕಪ್ಪು ಜನರದ್ದು ಅನ್ನಿಸುವ ಹೆಸರಿಗಿಂತ 50% ಹೆಚ್ಚು ಕರೆ ಬಂದಿತ್ತು. ಹಾಗಾಗಿ ಮಡಿಕೆ ಇರಲಿ ಅಂದೆ.

63

ಈ ಸಲ ನಾನು, ಮೇಡಂ ಬೇರೆ ಬೇರೆ ಕೂತು ಓದಿದೆವು. ಒಬ್ಬೊಬ್ಬರಿಗೂ ಎಂಟು ಗಂಟೆ ಹಿಡಿಯಿತು, ಮೂರು ದಿನದಲ್ಲಿ ಹಂಚಿಕೊಂಡು. ಆಮೇಲೆ ಅಂಕ ಹೋಲಿಸಿದೆವು. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಕಡೆ ಮತ್ತೆ ಒಟ್ಟಿಗೆ ಓದಿದೆವು.

63ನೇ ಅರ್ಜಿ ಎರಡು ಪುಟದ್ದು. ಮೊದಲ ಪುಟದಲ್ಲಿ ವಿಶೇಷ ಏನಿಲ್ಲ. ಆಸ್ಪತ್ರೆಯೊಂದರ ಔಷಧಿ ಉಗ್ರಾಣದಲ್ಲಿ ನಾಲ್ಕು ವರ್ಷ. ಆಮೇಲೆ 26 ತಿಂಗಳು ಖಾಲಿ. ಆಮೇಲೆ ಆರು ತಿಂಗಳು ಅರ್ಧ ದಿನದ ಕೆಲಸ. ಎರಡನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಹೀಗಿತ್ತು: "ತಿಂಗಳ ಕೊನೆಗೆ ಪುಸ್ತಕದ ಲೆಕ್ಕಕ್ಕೂ ಕಪಾಟಿನಲ್ಲಿರುವುದಕ್ಕೂ ಬಂದ ವ್ಯತ್ಯಾಸವನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕಾರಣ ಬರೆದು ಮೇಲಿನವರಿಗೆ ಕೊಡುತ್ತಿದ್ದೆ. ಕಾರಣ ಸಿಗದಿದ್ದರೆ 'ಸಿಗಲಿಲ್ಲ' ಎಂದೇ ಬರೆಯುತ್ತಿದ್ದೆ."

ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ನಾನು 6 ಕೊಟ್ಟೆ. ಮೇಡಂ 7 ಕೊಟ್ಟಿದ್ದರು. ಆಮೇಲೆ ಪಟ್ಟಿ ತೆಗೆದು ನೋಡಿದರೆ, ಮೊದಲ ಸಲ ನಾನು ಅದರ ಮೇಲೆ ಬರೆದಿದ್ದದ್ದು: "ಗ್ಯಾಪ್. ಬೇರೆ ಲೈನ್." ಮೇಡಂ ಅದನ್ನು ಗ್ಯಾಪ್ ಲೆಕ್ಕಕ್ಕೆ ಸೇರಿಸಿದ್ದರು. ಎರಡನೇ ಪುಟ ತಿರುಗಿಸಿಯೇ ಇರಲಿಲ್ಲ ಅನ್ನೋದು ಖಚಿತ.

ಕುತೂಹಲಕ್ಕೆ 8ನೇ ಅರ್ಜಿಗೂ ಅಂಕ ಹಾಕಿದೆವು. ಇಬ್ಬರೂ 3 ಕೊಟ್ಟಿದ್ದೆವು. ಅರ್ಜಿ ತುಂಬಾ "ಮೇಲ್ವಿಚಾರಣೆ", "ನೇತೃತ್ವ", "ಸುಧಾರಣೆ". ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಮಗೆ ಬೇಕಾದ ಕೆಲಸ ಅವರು ಮಾಡಿಲ್ಲ ಅಂತ ಅರ್ಜಿಯೇ ಹೇಳುತ್ತಿತ್ತು.

ಮೇಲಿನ ಅಂಕದ 12 ಮಂದಿಯಲ್ಲಿ ಹಳೇ "ಬೇಕು" ಕಟ್ಟಿನವರು 3, "ನೋಡೋಣ" ಕಟ್ಟಿನವರು 4, "ಬೇಡ" ಕಟ್ಟಿನವರು 5. ಅಂದರೆ ನನ್ನ ಮೊದಲ ಓದು ಪೂರ್ತಿ ದಂಡ ಅಲ್ಲ. ಆದರೆ ಐದು ಮಂದಿ ಕಸದಿಂದ ಎದ್ದು ಬಂದರು.

ನಲವತ್ತು ನಿಮಿಷ

ಆ 12 ಮಂದಿಯಲ್ಲಿ ಮೂವರಿಗೆ ಅಷ್ಟರಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತ್ತು. ಒಂಬತ್ತು ಮಂದಿ ಬಂದರು. ಮೊದಲು ಮಾತಿಲ್ಲ. 30 ಬಿಲ್, ಅವುಗಳ ಆರ್ಡರ್ ಮತ್ತು ರಸೀದಿ ಇರುವ ಒಂದು ಫೈಲ್, ತಪ್ಪು ಹುಡುಕಲು ನಲವತ್ತು ನಿಮಿಷ ಕೊಟ್ಟೆವು. ಹಳೇ ಕಾಗದಗಳ ಮಾದರಿಯಲ್ಲಿ ನಾವೇ ಮಾಡಿದ್ದು. ನಿಜವಾದ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳಬಾರದು ಅಂತ ಮೇಡಂ ಹಟ ಹಿಡಿದಿದ್ದರು, ಅದು ಸರಿಯೇ. ಐದು ತಪ್ಪು ಸೇರಿಸಿದ್ದೆವು. ಆರನೆಯದು ತಪ್ಪಿನ ಹಾಗೆ ಕಾಣುವ ಸರಿ: ಆರ್ಡರಿನಲ್ಲಿ 12 ಬಾಕ್ಸ್, ಬಿಲ್ಲಿನಲ್ಲಿ 288 ಬಿಡಿ. ಬಾಕ್ಸಿಗೆ 24 ಅಂತ ರಸೀದಿಯ ಹಿಂಭಾಗದಲ್ಲಿ ಇತ್ತು.

31ನೇ ಅರ್ಜಿಯವರು ಐದೂ ಹಿಡಿದರು, ಅದೂ ಮೂವತ್ತೇ ನಿಮಿಷದಲ್ಲಿ. 63ನೆಯವರು ನಾಲ್ಕು ಹಿಡಿದರು. ಓರೆಗೀಟು, ಅಡ್ಡಗೀಟಿನ ಬಿಲ್ ಅದರಲ್ಲಿತ್ತು. ಬಾಕ್ಸ್ ಲೆಕ್ಕದ ಪಕ್ಕ "ತಪ್ಪಲ್ಲ, ರಸೀದಿ ಹಿಂದೆ ನೋಡಿ" ಅಂತ ಬರೆದಿದ್ದರು. ಐದನೆಯ ತಪ್ಪಿದ್ದ ಬಿಲ್ ಪಕ್ಕ: "ಇದು ಯಾಕೋ ಸರಿ ಇಲ್ಲ ಅನ್ನಿಸುತ್ತೆ. ಎಲ್ಲಿ ಅಂತ ಸಿಗಲಿಲ್ಲ. ಯಾರನ್ನು ಕೇಳಬೇಕು?" ಆ ಪ್ರಶ್ನೆಗೆ ಅಂಕದ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಇರಬೇಕಿತ್ತು. ಹಳೇ "ಬೇಕು" ಕಟ್ಟಿನ ಒಬ್ಬರು, ಮಾತಿನಲ್ಲಿ ಎಲ್ಲರಿಗಿಂತ ಮುಂದಿದ್ದವರು, ಒಂದು ತಪ್ಪು ಹಿಡಿದು, ಸರಿ ಇದ್ದ ಮೂರನ್ನು ತಪ್ಪು ಅಂದರು.

ಆಮೇಲೆ ಸಂದರ್ಶನ. ಎಲ್ಲರಿಗೂ ಅದೇ ನಾಲ್ಕು ಪ್ರಶ್ನೆ, ಅದೇ ಕ್ರಮ. ಒಂದು ಉತ್ತರಕ್ಕೆ ಅಂಕ ಬರೆದ ಮೇಲೇ ಮುಂದಿನ ಪ್ರಶ್ನೆ. ಮೂವರೂ ಅಂಕ ಬರೆಯುವವರೆಗೆ ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ. ಮೂರನೆಯವರ ಹೊತ್ತಿಗೆ ಮುಖ್ಯಸ್ಥರಿಗೆ ಸಾಕಾಯಿತು. "ಏನ್ರೀ, ನಮ್ಮನ್ನೇ ಮೆಷಿನ್ ಮಾಡಿಬಿಟ್ರಲ್ಲ" ಅಂದರು. ಇದು ಹಳೇ ದೂರು. ಮುಂದೆ ಹೆಸರಾಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ 1950ರ ದಶಕದಲ್ಲಿ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಇಸ್ರೇಲ್ ಸೇನೆಯಲ್ಲಿ ಹೊಸಬರನ್ನು ಸಂದರ್ಶಿಸುವ ಕ್ರಮವನ್ನು ಹೀಗೇ ಬದಲಿಸಿದ್ದರು. ಆರು ಗುಣ, ಒಂದೊಂದಕ್ಕೂ ಬೇರೆ ಪ್ರಶ್ನೆ, ಬೇರೆ ಅಂಕ. ಸಂದರ್ಶಕರು ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಅಂತ ಸಿಟ್ಟಾಗಿದ್ದರು. ಅದಕ್ಕೆ ಕಾನೆಮನ್ ಕೊಟ್ಟ ರಾಜಿ: ಎಲ್ಲ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ, ನಿಮ್ಮ ಮನಸ್ಸಿಗೆ ಅನ್ನಿಸಿದ್ದಕ್ಕೂ ಒಂದು ಅಂಕ ಕೊಡಿ. ಹೊಸ ಕ್ರಮ ಹಳೆಯದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ತಮಾಷೆ ಅಂದರೆ ಕೊನೆಯ ಆ ಅಂಕವೂ ಉಪಯೋಗಕ್ಕೆ ಬಂತು. ನಮ್ಮ ಮುಖ್ಯಸ್ಥರಿಗೂ ಹಾಳೆಯ ಕೊನೆಯಲ್ಲಿ ಒಂದು ಖಾಲಿ ಚೌಕ ಹಾಕಿಕೊಟ್ಟೆವು. ಸಮಾಧಾನವಾದರು.

ನಾವು ಸುಮ್ನೆ ಹಟಕ್ಕೆ ಇದನ್ನು ಮಾಡಿದ್ದಲ್ಲ. ಪಾಲ್ ಸಾಕೆಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2022ರಲ್ಲಿ ಹಳೇ ಸಂಶೋಧನೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದ್ದರು. ಯಾವ ಆಯ್ಕೆ ವಿಧಾನ ಮುಂದಿನ ಕೆಲಸದ ಗುಣಮಟ್ಟವನ್ನು ಎಷ್ಟು ಸರಿಯಾಗಿ ಊಹಿಸುತ್ತೆ ಅಂತ. ಸೊನ್ನೆ ಅಂದರೆ ಕುರುಡು ಊಹೆ, ಒಂದು ಅಂದರೆ ತಪ್ಪೇ ಇಲ್ಲದ ಊಹೆ. ಪ್ರಶ್ನೆ, ಅಂಕ ಮೊದಲೇ ಗೊತ್ತು ಮಾಡಿದ ಸಂದರ್ಶನಕ್ಕೆ 0.42 ಸಿಕ್ಕಿತು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.19. ಒಳ್ಳೆಯದು ಅನ್ನಿಸಿಕೊಂಡದ್ದೂ ಅರ್ಧಕ್ಕಿಂತ ಕೆಳಗೇ ಇದೆ, ಗಮನಿಸಿ. ಯಾವ ವಿಧಾನವೂ ಜ್ಯೋತಿಷ್ಯ ಹೇಳಲ್ಲ.

63ನೆಯವರು ಒಳಗೆ ಬಂದಾಗ ಧ್ವನಿ ಕೇಳಿಸುತ್ತಲೇ ಇರಲಿಲ್ಲ. ಹಳೇ ಥರದ ಮಾತುಕತೆ ಆಗಿದ್ದರೆ ಐದು ನಿಮಿಷಕ್ಕೆ ಮುಗಿಸಿ ಕಳಿಸುತ್ತಿದ್ದೆವು. ಎರಡನೇ ಪ್ರಶ್ನೆ ಇದು: ಉಗ್ರಾಣದವರು ರಸೀದಿ ಬರೆದಿಲ್ಲ, ಪೂರೈಕೆದಾರರು ಹಣಕ್ಕೆ ದಿನಾ ಫೋನ್ ಮಾಡುತ್ತಿದ್ದಾರೆ, ಏನು ಮಾಡುತ್ತೀರಿ? ಹೆಚ್ಚಿನವರು "ಇಬ್ಬರ ಜೊತೆ ಮಾತಾಡಿ ಹೊಂದಾಣಿಕೆ ಮಾಡ್ತೀನಿ" ಅಂದಿದ್ದರು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಮಾಲು ಬಂದಿದೆಯಾ ಅಂತ ನಾನೇ ಹೋಗಿ ನೋಡ್ತೀನಿ" ಅಂದರು. "ಬಂದಿದ್ರೆ ಅಲ್ಲೇ ನಿಂತು ರಸೀದಿ ಬರೆಸ್ತೀನಿ. ಬಂದಿಲ್ಲ ಅಂದ್ರೆ ಅವರಿಗೆ ಫೋನ್ ಮಾಡಿ, ಮತ್ತೆ ಯಾವ ದಿನ ಹೇಳ್ತೀನಿ ಅಂತ ತಿಳಿಸ್ತೀನಿ. ದಿನ ಹೇಳಿದ್ರೆ ದಿನಾ ಫೋನ್ ಬರಲ್ಲ." ಮೂವರೂ ಬೇರೆ ಬೇರೆ ಬರೆದಿದ್ದರೂ ಮೂವರದ್ದೂ ಪೂರ್ತಿ ಅಂಕ.

ಆಮೇಲೆ

ಮೊದಲು ಕರೆದದ್ದು 31ನೆಯವರನ್ನು. ಅಂಕ ಅವರದ್ದೇ ಜಾಸ್ತಿ. ಈ ಸಲ ಕೆಲಸ ಹೇಗಿರುತ್ತೆ ಅಂತ ಬಿಡಿಸಿ ಹೇಳಿದೆವು. ದಿನವಿಡೀ ಇದೇ, ಎರಡು ವರ್ಷ ಬಡ್ತಿ ಇಲ್ಲ, ತಿಂಗಳ ಕೊನೆಯಲ್ಲಿ ತಡವಾಗುತ್ತೆ. ಹಿರಿಯ ಗುಮಾಸ್ತರ ಪಕ್ಕ ಎರಡು ಗಂಟೆ ಕೂರಿಸಿದೆವು. ಅವರು ಮಾರನೇ ದಿನ ಫೋನ್ ಮಾಡಿ ಬೇಡ ಅಂದರು, ಬಹಳ ಮರ್ಯಾದೆಯಿಂದ. ಮುಖ್ಯಸ್ಥರಿಗೆ ಬೇಜಾರು. "ಅಷ್ಟೊಂದು ಹೆದರಿಸ್ಬಾರ್ದಿತ್ತು" ಅಂದರು. ಹನ್ನೊಂದನೇ ವಾರದಲ್ಲಿ ಕೇಳಬೇಕಾದ "ಬೇಡ" ಮೊದಲ ದಿನವೇ ಬಂದಿದ್ದು ನನಗೆ ಲಾಭವೇ ಅನ್ನಿಸಿತು.

63ನೆಯವರು ಅದೇ ಎರಡು ಗಂಟೆ ಕೂತರು. ಹೋಗುವಾಗ ಹಿರಿಯ ಗುಮಾಸ್ತರನ್ನು ಯಾವ ಬಿಲ್ ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಕೇಳಿದರಂತೆ. ಮುಂದಿನ ಸೋಮವಾರ ಬಂದರು.

ಒಂದು ವರ್ಷ ದಾಟಿದೆ. ಎಲ್ಲ ಸರಿ ಹೋಯಿತು ಅಂತ ಹೇಳಲಾರೆ. ಫೋನ್ ಅಂದರೆ ಅವರಿಗೆ ಈಗಲೂ ಅಳುಕು. ಜೋರಾಗಿ ಮಾತಾಡುವ ಪೂರೈಕೆದಾರರು ಬಂದರೆ ಹಿರಿಯ ಗುಮಾಸ್ತರ ಕಡೆ ನೋಡುತ್ತಾರೆ. ಸಂದರ್ಶನದ ಮೂರನೇ ಪ್ರಶ್ನೆಗೆ ಅವರಿಗೆ ಕಡಿಮೆ ಅಂಕ ಬಿದ್ದದ್ದೂ ಅಲ್ಲೇ. ಹಾಗಾಗಿ ಅಂಥ ಕರೆಗಳನ್ನು ಹಂಚಿಕೊಂಡಿದ್ದೇವೆ. ಆದರೆ ಒಂದೇ ಬಿಲ್ ಎರಡು ಸಲ ಪಾಸ್ ಆದದ್ದು ಒಮ್ಮೆಯೂ ಇಲ್ಲ. ಅವರ ಬಾಕಿ ಪಟ್ಟಿಯಲ್ಲಿ "ಕಾರಣ ಸಿಗಲಿಲ್ಲ" ಅನ್ನೋ ಸಾಲು ತಿಂಗಳಿಗೆ ಒಂದೆರಡು ಇರುತ್ತೆ. ಆ 26 ತಿಂಗಳು ಏನಾಗಿತ್ತು ಅಂತ ಸಂದರ್ಶನದಲ್ಲಿ ಕೇಳಲಿಲ್ಲ, ಆಮೇಲೂ ಕೇಳಿಲ್ಲ.

ಇನ್ನೊಂದು ಬಾಕಿ ಇತ್ತು. ಮೊದಲ ಸಲ "ಬೇಡ" ಅಂದವರಿಗೆ ನಾವು ಒಂದು ಉತ್ತರವನ್ನೂ ಕಳಿಸಿರಲಿಲ್ಲ. ಈ ಸಲ ಆಯ್ಕೆ ಆಗದ ಎಲ್ಲರಿಗೂ ಮೇಡಂ ಎರಡು ಸಾಲಿನ ಮೇಲ್ ಕಳಿಸಿದರು. ನಾಲ್ಕು ಮಂದಿ ಧನ್ಯವಾದ ಬರೆದರು. ಐದನೆಯವರು, 40ನೇ ಅರ್ಜಿಯವರು, ಬರೆದದ್ದು ಇಷ್ಟೇ: "ಯಾಕೆ ಅಂತ ತಿಳಿಸಬಹುದಾ?"

ಮೇಡಂ ಅದನ್ನು ನನಗೆ ಕಳಿಸಿದರು. ಹಳೇ ಪಟ್ಟಿ ತೆಗೆದು ನೋಡಿದೆ. 40ರ ಮುಂದೆ ಏನೂ ಇರಲಿಲ್ಲ. ಬರೀ ಗೀಟು ಎಳೆದ ಎಂಟರಲ್ಲಿ ಅದೂ ಒಂದು. ಎರಡನೇ ಓದಿನ ಹಾಳೆ ತೆಗೆದೆ. ಅಲ್ಲಿ ನಾಲ್ಕು ಅಂಕ ಇದ್ದವು, ಒಂದೊಂದರ ಪಕ್ಕ ಯಾಕೆ ಅಂತಲೂ ಇತ್ತು. ಅದನ್ನು ನೋಡಿಕೊಂಡು ಬರೆದೆ: ನೀವು ಮಾಡಿದ ಕೆಲಸಗಳ ಹೆಸರು ಅರ್ಜಿಯಲ್ಲಿ ಇದೆ, ಆದರೆ ಅಲ್ಲಿ ದಿನಾ ಏನು ಮಾಡುತ್ತಿದ್ದಿರಿ ಅಂತ ಇಲ್ಲ. ಎರಡನೇ ಕೆಲಸದಲ್ಲಿ ಲೆಕ್ಕ ಹೊಂದಿಸಿದ್ದೇನೆ ಅಂದಿದ್ದೀರಿ, ಏನನ್ನು ಏನರ ಜೊತೆ ಅಂತ ಬರೆದಿದ್ದರೆ ಇನ್ನೂ ಎರಡು ಅಂಕ ಕೊಡುತ್ತಿದ್ದೆ. ಕಳಿಸುವ ಮುಂಚೆ ಮೇಡಂಗೆ ತೋರಿಸಿದೆ. "ಮೊದಲ ಸಲ ಯಾಕೆ ಅಂತ ಬರೀಲಿಲ್ವಲ್ಲ ಸರ್?" ಅಂದರು.

ಬರೆಯಲಿಲ್ಲ. ಗೀಟನ್ನು ಹೇಗೆ ಬರೆಯೋದು?